ಓಟಗಾರರ ತಟ್ಟೆ, ಶುಗರ್ ಇರುವವರ ತಟ್ಟೆ

1924ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಮುಗಿಸಿದ ಕೆಲವು ಓಟಗಾರರನ್ನು ಅಲ್ಲಿನ ವೈದ್ಯರು ಗೆರೆ ದಾಟಿದ ಕೂಡಲೇ ಕೂರಿಸಿ ರಕ್ತ ತೆಗೆದುಕೊಂಡರು. ದಣಿದಿದ್ದರೂ ಗಟ್ಟಿಯಾಗಿ ನಿಂತಿದ್ದವರ ರಕ್ತದಲ್ಲಿ ಸಕ್ಕರೆ ಹೆಚ್ಚುಕಡಿಮೆ ಸರಿಯಾಗಿತ್ತು. ಮುಖ ಬಿಳಿಚಿಕೊಂಡು, ಕೈಕಾಲು ನಡುಗುತ್ತಾ, ಕೇಳಿದ ಪ್ರಶ್ನೆಗೆ ಏನೋ ಉತ್ತರ ಕೊಡುತ್ತಿದ್ದವರಲ್ಲಿ ಅದು ತಳ ಹಿಡಿದಿತ್ತು. ಈ ಲಕ್ಷಣಗಳನ್ನು ವೈದ್ಯರು ಆಸ್ಪತ್ರೆಯ ವಾರ್ಡಿನಲ್ಲಿ ಆಗಲೇ ನೋಡಿದ್ದರು. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಚುಚ್ಚುಮದ್ದು ಬಳಕೆಗೆ ಬಂದು ಆಗಿನ್ನೂ ಎರಡೇ ವರ್ಷ. ಡೋಸ್ ಹೆಚ್ಚಾದ ರೋಗಿಗಳು ಹೀಗೇ ಬೆವತು, ನಡುಗಿ, ತೊದಲುತ್ತಿದ್ದರು. ಮರುವರ್ಷ ಅದೇ ವೈದ್ಯರು ಓಟಗಾರರಿಗೆ ಮೊದಲೇ ಅನ್ನ-ಬ್ರೆಡ್ಡಿನಂಥ ಪಿಷ್ಟದ ಊಟ ಹೆಚ್ಚಿಸಿ, ಓಟದ ನಡುವೆ ಕ್ಯಾಂಡಿ ತಿನ್ನಲು ಹೇಳಿದರು. ಆ ಸಲ ಸಕ್ಕರೆ ಕುಸಿಯಲಿಲ್ಲ, ಓಟವೂ ಸುಧಾರಿಸಿತು.

ಆರೋಗ್ಯವಂತ ಓಟಗಾರ ಮತ್ತು ಮಧುಮೇಹದ ರೋಗಿ ಒಂದೇ ಸ್ಥಿತಿಯಲ್ಲಿ ಭೇಟಿಯಾದದ್ದು ಅಲ್ಲಿ. ಇಬ್ಬರ ಊಟದ ಶಿಸ್ತೂ ಬೇರೆಬೇರೆ ಎಂದು ನಾವು ಅಂದುಕೊಳ್ಳುತ್ತೇವೆ. ಒಬ್ಬರದು ಗೆಲ್ಲುವುದಕ್ಕೆ, ಇನ್ನೊಬ್ಬರದು ಡಾಕ್ಟರ್ ಬೈಯುತ್ತಾರೆಂದು. ಆದರೆ ಇಬ್ಬರೂ ಮಾಡುತ್ತಿರುವುದು ಒಂದೇ ಲೆಕ್ಕ: ಬಾಯಿಗೆ ಹೋದ ಸಕ್ಕರೆ, ರಕ್ತದಲ್ಲಿ ಉಳಿದ ಸಕ್ಕರೆ, ಸ್ನಾಯು ಸುಟ್ಟ ಸಕ್ಕರೆ, ಇವು ಮೂರೂ ಹೊತ್ತಿಗೆ ಸರಿಯಾಗಿ ಹೊಂದಬೇಕು. ಆಸೆ ಅದುಮುವುದು ಈ ಶಿಸ್ತಿನ ಚಿಕ್ಕ ಭಾಗ. ದೊಡ್ಡ ಭಾಗ ಅಳತೆ ಮತ್ತು ಹೊತ್ತು.

ಇನ್ಸುಲಿನ್ ಬರುವ ಮುಂಚೆ ಅದುಮುವುದೇ ಚಿಕಿತ್ಸೆಯಾಗಿತ್ತು. ಮೈಯಲ್ಲಿ ಇನ್ಸುಲಿನ್ ಬಹುತೇಕ ಉತ್ಪತ್ತಿಯಾಗದ ಟೈಪ್ 1 ಮಧುಮೇಹ ಬಂದ ಮಕ್ಕಳನ್ನು ದಿನಕ್ಕೆ ಕೆಲವೇ ನೂರು ಕ್ಯಾಲರಿಯ ಮೇಲೆ ಇಟ್ಟು ಸಾವನ್ನು ಮುಂದೂಡುತ್ತಿದ್ದರು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಇನ್ಸುಲಿನ್ ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ 14 ವರ್ಷ, ತೂಕ ಸುಮಾರು 29 ಕಿಲೋ. ಬರೀ ಪಥ್ಯ ಎಲ್ಲಿಯವರೆಗೆ ಕೊಂಡೊಯ್ಯಬಲ್ಲದು ಎಂಬುದಕ್ಕೆ ಆ ತೂಕವೇ ಸಾಕ್ಷಿ.

ರಕ್ತದಲ್ಲಿರುವುದು ಒಂದು ಚಮಚ

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 90 ಇದ್ದರೆ, ಅಂದರೆ ಡೆಸಿಲೀಟರಿಗೆ 90 ಮಿಲಿಗ್ರಾಂ, ಒಟ್ಟು ರಕ್ತದಲ್ಲಿ ಇರುವ ಗ್ಲೂಕೋಸ್ ನಾಲ್ಕೂವರೆ ಗ್ರಾಂ. ಒಂದು ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ಅದು 180 ಆದರೆ ಒಂಬತ್ತು ಗ್ರಾಂ. ಲ್ಯಾಬಿನ ಚೀಟಿಯಲ್ಲಿ ಕೆಂಪು ಅಕ್ಷರ ಬರುವುದಕ್ಕೂ ಬಾರದಿರುವುದಕ್ಕೂ ಇರುವ ಅಂತರ ಇಷ್ಟೇ, ಇನ್ನೊಂದು ಚಮಚ.

ಈಗ ಒಂದು ತಟ್ಟೆ ಬಿಸಿಬೇಳೆಬಾತ್ ನೋಡಿ. ಮೇಲೆ ಖಾರಾಬೂಂದಿ, ಪಕ್ಕದಲ್ಲಿ ಒಂದು ಲೋಟ ಕಾಫಿ. ಎಲ್ಲ ಸೇರಿ 80 ಗ್ರಾಂ ಪಿಷ್ಟವೆನ್ನೋಣ. ಕರುಳಿನಲ್ಲಿ ಅದು ಗ್ಲೂಕೋಸ್ ಆಗಿ ರಕ್ತಕ್ಕೆ ಬರಲೇಬೇಕು. ನಾಲ್ಕೂವರೆ ಗ್ರಾಂ ಇರುವ ಜಾಗದ ಮೂಲಕ ಅದರ ಹದಿನೇಳು ಹದಿನೆಂಟು ಪಟ್ಟು ಹಾದುಹೋಗಬೇಕು, ಹಾಗಿದ್ದೂ ಮಟ್ಟ 140 ದಾಟಬಾರದು. ಆರೋಗ್ಯವಾದ ಮೈ ಇದನ್ನು ದಿನಕ್ಕೆ ಮೂರು ಹೊತ್ತು ಸದ್ದಿಲ್ಲದೆ ಮಾಡುತ್ತದೆ. ಮಾಡಲಾಗದೆ ಹೋದಾಗಲಷ್ಟೇ ಆ ಕೆಲಸದ ಗಾತ್ರ ನಮಗೆ ಗೊತ್ತಾಗುವುದು.

ಬಂದ ಸಕ್ಕರೆಯಲ್ಲಿ ದೊಡ್ಡದೊಂದು ಪಾಲು ಹೋಗುವುದು ಸ್ನಾಯುಗಳಿಗೆ. ಸ್ನಾಯುವನ್ನು ಕಣಜವೆಂದುಕೊಳ್ಳಿ. ಅಲ್ಲಿ ಗ್ಲೂಕೋಸ್ ಕಣಗಳು ಸರಪಳಿಯಾಗಿ ಹೆಣೆದುಕೊಂಡು ಗ್ಲೈಕೋಜನ್ ಎಂಬ ರೂಪದಲ್ಲಿ ಶೇಖರವಾಗುತ್ತವೆ. ಸ್ನಾಯುಗಳಲ್ಲೆಲ್ಲ ಸೇರಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ ಸುಮಾರು 100. ಲಿವರ್ ತನ್ನ ಪಾಲನ್ನು ರಕ್ತಕ್ಕೆ ಬಿಟ್ಟುಕೊಡುತ್ತದೆ. ರಾತ್ರಿಯಿಡೀ ನಾವು ನಿದ್ದೆ ಮಾಡುವಾಗ ಮೆದುಳು ಬದುಕುವುದು ಅದರ ಮೇಲೆಯೇ. ಸ್ನಾಯುವಿನದು ಜಿಪುಣತನ. ಒಳಗೆ ಹೋದದ್ದು ಅಲ್ಲೇ ಸುಡಬೇಕು, ಹೊರಗೆ ಬರುವ ದಾರಿಯಿಲ್ಲ. ತೊಡೆಯಲ್ಲಿ ದಾಸ್ತಾನು ತುಂಬಿದ್ದರೂ ಮೆದುಳಿಗೆ ಒಂದು ಕಾಳೂ ಸಿಗುವುದಿಲ್ಲ.

60 ಕಿಲೋ ತೂಕದವರು ಪೂರ್ಣ ಮ್ಯಾರಥಾನ್ ಓಡಲು ಸುಮಾರು 2,500 ಕ್ಯಾಲರಿ ಬೇಕು. 500 ಗ್ರಾಂ ಗ್ಲೈಕೋಜನ್‌ನಿಂದ ಸಿಗುವುದು 2,000. ಕೊಬ್ಬೂ ಉರಿಯುತ್ತದೆ, ಆದರೆ ನಿಧಾನವಾಗಿ. ವೇಗವಾಗಿ ಓಡುವವರಿಗೆ ಅದು ಸಾಲದು. 30 ಕಿಲೋಮೀಟರ್ ದಾಟಿದ ಮೇಲೆ ಕಾಲು ಸೀಸದ ಹಾಗೆ ಭಾರವಾಗುವುದನ್ನು ಬೆಂಗಳೂರಿನ ಓಟಗಾರರು ‘ವಾಲ್ ಹೊಡೀತು’ ಅನ್ನುತ್ತಾರೆ. ಅದರ ಹಿಂದಿರುವುದು ಬಹುಪಾಲು ಈ ಐನೂರು ಕ್ಯಾಲರಿಯ ಕೊರತೆ. ಅದನ್ನು ತುಂಬಲೆಂದೇ ದೂರದ ಓಟಗಾರರು ಗಂಟೆಗೆ 30ರಿಂದ 60 ಗ್ರಾಂ, ಎರಡೂವರೆ ಗಂಟೆ ಮೀರಿದರೆ 90 ಗ್ರಾಂವರೆಗೂ ಸಕ್ಕರೆಯನ್ನು ಓಡುತ್ತಲೇ ಕುಡಿಯುವುದು. ಅಷ್ಟನ್ನು ಅರಗಿಸಿಕೊಳ್ಳಲು ಹೊಟ್ಟೆಗೂ ತಿಂಗಳುಗಟ್ಟಲೆ ತಾಲೀಮು ಬೇಕು.

ಕಣಜ ತುಂಬುವ ಬಗೆ ತಿಳಿದದ್ದು ಒಂದು ಸೊಗಸಾದ ಪ್ರಯೋಗದಿಂದ. 1966ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು, ಯೋನಾಸ್ ಬೆರ್ಗ್‌ಸ್ಟ್ರೊಮ್ ಮತ್ತು ಎರಿಕ್ ಹುಲ್ಟ್‌ಮನ್, ತಮ್ಮ ಮೈಮೇಲೇ ಅದನ್ನು ಮಾಡಿಕೊಂಡರು. ವ್ಯಾಯಾಮದ ಒಂದೇ ಸೈಕಲ್ಲು. ಈ ಬದಿಗೊಬ್ಬರು, ಆ ಬದಿಗೊಬ್ಬರು. ತಲಾ ಒಂದು ಕಾಲಿನಿಂದ ಮಾತ್ರ ಪೆಡಲು ತುಳಿಯುವುದು, ಇನ್ನೊಂದು ಕಾಲಿಗೆ ಪೂರ್ತಿ ವಿಶ್ರಾಂತಿ. ತುಳಿದ ಕಾಲು ಸೋತು ನಿಂತಾಗ ತೊಡೆಗೆ ಸೂಜಿ ಹಾಕಿ ಸ್ನಾಯುವಿನ ಚೂರು ತೆಗೆದು ನೋಡಿದರು: ಗ್ಲೈಕೋಜನ್ ಖಾಲಿ. ಆಮೇಲೆ ಮೂರು ದಿನ ಪಿಷ್ಟದ ಊಟ. ತುಳಿದಿದ್ದ ಕಾಲಿನಲ್ಲಿ ದಾಸ್ತಾನು ಮೊದಲಿಗಿಂತ ಎಷ್ಟೋ ಮೇಲೇರಿ, ಕೂತಿದ್ದ ಕಾಲಿನ ಸುಮಾರು ಎರಡರಷ್ಟಾಯಿತು. ಕೂತಿದ್ದ ಕಾಲಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. ಅದೇ ಮನುಷ್ಯ, ಅದೇ ರಕ್ತ, ಅದೇ ಊಟ, ಅದೇ ಇನ್ಸುಲಿನ್. ತಿಂದದ್ದು ಎಲ್ಲಿ ಸೇರಬೇಕೆಂದು ತೀರ್ಮಾನಿಸಿದ್ದು ಕೆಲಸ ಮಾಡಿದ ಸ್ನಾಯು.

ಮ್ಯಾರಥಾನ್‌ಗೆ ಮುಂಚೆ ಎರಡು ಮೂರು ದಿನ ಅನ್ನ, ಆಲೂಗಡ್ಡೆ ಹೆಚ್ಚು ತಿನ್ನುವ ರೂಢಿ ಬೆಳೆದದ್ದು ಈ ಪ್ರಯೋಗದಿಂದ. ನನ್ನ ಮಟ್ಟಿಗೆ ಇದರ ಹೆಚ್ಚಿನ ಪ್ರಯೋಜನ ಓಟಗಾರರಿಗಲ್ಲ, ಶುಗರ್ ಇರುವವರಿಗೆ.

ಎರಡು ಬಾಗಿಲು

ಸ್ನಾಯುವಿನ ಕಣಜಕ್ಕೆ ಬಾಗಿಲು ಎರಡು. ಒಂದನ್ನು ತೆರೆಯುವುದು ಇನ್ಸುಲಿನ್. ಊಟವಾಗುತ್ತಿದ್ದಂತೆ ಮೇದೋಜೀರಕ ಗ್ರಂಥಿ ಅದನ್ನು ಬಿಡುತ್ತದೆ. ಸ್ನಾಯುಕೋಶದ ಒಳಗಿರುವ ಗ್ಲುಟ್-4 ಎಂಬ ವಾಹಕಗಳು ಅಂಚಿಗೆ ಬಂದು ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತವೆ. ಟೈಪ್ 1ರಲ್ಲಿ ಇನ್ಸುಲಿನ್ ಬಹುತೇಕ ಉತ್ಪತ್ತಿಯೇ ಆಗುವುದಿಲ್ಲ. ಟೈಪ್ 2ರಲ್ಲಿ ಇರುತ್ತದೆ, ಆದರೆ ಬಾಗಿಲು ಜಗ್ಗುವುದಿಲ್ಲ. ವರ್ಷ ಕಳೆದಂತೆ ಗ್ರಂಥಿಯೂ ದಣಿಯುತ್ತದೆ. ನಮ್ಮ ದೇಶದಲ್ಲಿ ಮಧುಮೇಹ ಇರುವವರು ಸುಮಾರು 10 ಕೋಟಿ, ಅದರ ಹೊಸ್ತಿಲಲ್ಲಿರುವವರು 13 ಕೋಟಿ 60 ಲಕ್ಷ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ 2023ರಲ್ಲಿ ಲೆಕ್ಕ ಕೊಟ್ಟಿತು. ಅವರಲ್ಲಿ ಬಹುಪಾಲು ಟೈಪ್ 2.

ಎರಡನೆಯ ಬಾಗಿಲಿಗೆ ಇನ್ಸುಲಿನ್ ಬೇಡ. ಸ್ನಾಯು ಕುಗ್ಗಿ ಹಿಗ್ಗಿದರೆ ಸಾಕು, ಅದೇ ಗ್ಲುಟ್-4 ಬೇರೆ ದಾರಿಯಿಂದ ಅಂಚಿಗೆ ಬರುತ್ತದೆ. ಟೈಪ್ 2 ಇರುವವರಲ್ಲೂ ಈ ದಾರಿ ಹೆಚ್ಚುಕಡಿಮೆ ಸುಸ್ಥಿತಿಯಲ್ಲಿರುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ ಎಂದು ಹೇಳುವುದು ಇದಕ್ಕೇ. ಬೆಳಿಗ್ಗೆ ಐದಕ್ಕೆದ್ದು ಪಾರ್ಕಿನಲ್ಲಿ ಒಂದು ಗಂಟೆ ನಡೆದು, ಎಂಟಕ್ಕೆ ಆರು ಇಡ್ಲಿ ತಿಂದು, ಆಮೇಲೆ ಸಂಜೆವರೆಗೆ ಕುರ್ಚಿ ಬಿಟ್ಟೇಳದವರನ್ನು ಎಲ್ಲರೂ ನೋಡಿರುತ್ತೇವೆ. ಆ ಒಂದು ಗಂಟೆ ಒಳ್ಳೆಯದೇ. ಆದರೆ ಅದರ ಒಂದು ಪಾಲನ್ನು ಕಿತ್ತು ಊಟದ ಹಿಂದೆ ಇಟ್ಟರೆ ಊಟದ ನಂತರದ ಏರಿಕೆಗೆ ಹೆಚ್ಚು ಕೆಲಸ ಮಾಡುತ್ತದೆ.

ಇನ್ನೊಂದು ಲಾಭ ನಿಧಾನವಾಗಿ ಸಿಗುವಂಥದ್ದು. ವ್ಯಾಯಾಮ ಮುಗಿದ ಮೇಲೂ ಒಂದರಿಂದ ಎರಡು ದಿನ ಸ್ನಾಯು ಇನ್ಸುಲಿನ್ ಮಾತನ್ನು ಹೆಚ್ಚು ಕೇಳುತ್ತದೆ, ಖಾಲಿಯಾದ ಜಾಗ ತುಂಬಿಕೊಳ್ಳಬೇಕಲ್ಲ. ಮಧುಮೇಹ ಇರುವವರು ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡಬೇಕು, ಸತತ ಎರಡು ದಿನಕ್ಕಿಂತ ಹೆಚ್ಚು ಬಿಡಬಾರದು ಎಂಬ ಸಲಹೆಯಲ್ಲಿ ಎರಡನೆಯ ಭಾಗ ಬಂದದ್ದು ಇಲ್ಲಿಂದ. ಭಾನುವಾರ ಒಂದೇ ದಿನ ನಂದಿಬೆಟ್ಟಕ್ಕೆ ಸೈಕಲ್ ತುಳಿದು ಬಂದರೆ ಬುಧವಾರದ ಹೊತ್ತಿಗೆ ಅದರ ಪ್ರಭಾವ ಕರಗಿರುತ್ತದೆ.

ವ್ಯಾಯಾಮ ಮಾಡಿದ ಮೇಲೂ ಸಕ್ಕರೆ ಏರಿತಲ್ಲ ಎಂದು ಗಾಬರಿಯಾಗುವವರೂ ಇದ್ದಾರೆ. ಶಟಲ್ ಆಡಿ ಬಂದು ಗ್ಲೂಕೋಮೀಟರ್ ಚುಚ್ಚಿದರೆ 150 ಇದ್ದದ್ದು 200! ಯಂತ್ರ ಕೆಟ್ಟಿಲ್ಲ. ನಡಿಗೆ, ಈಜು, ನಿಧಾನದ ಓಟ ಸಕ್ಕರೆ ಇಳಿಸುತ್ತವೆ. ಜೋರು ರ‍್ಯಾಲಿ, ಸ್ಪ್ರಿಂಟ್, ಭಾರ ಎತ್ತುವುದು ಅಡ್ರಿನಲಿನ್ ಹರಿಸುತ್ತವೆ, ಅದು ಲಿವರ್‌ಗೆ ದಾಸ್ತಾನು ಬಿಡಲು ಆಜ್ಞೆ ಕೊಡುತ್ತದೆ. ಸ್ವಲ್ಪ ಹೊತ್ತಿನ ಏರಿಕೆ ಅದು. ಅಮೆರಿಕದ ಈಜುಗಾರ ಗ್ಯಾರಿ ಹಾಲ್ ಜೂನಿಯರ್‌ಗೆ 1999ರಲ್ಲಿ ಟೈಪ್ 1 ಎಂದು ಗೊತ್ತಾಯಿತು. ಮರುವರ್ಷ ಸಿಡ್ನಿ ಒಲಿಂಪಿಕ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಚಿನ್ನ, 2004ರಲ್ಲಿ ಅಥೆನ್ಸ್‌ನಲ್ಲಿ ಮತ್ತೆ ಅದೇ ಚಿನ್ನ. 22 ಸೆಕೆಂಡಿನ ಆ ಈಜಿಗೂ ಮ್ಯಾರಥಾನ್‌ಗೂ ಸಕ್ಕರೆಯ ಲೆಕ್ಕ ತಿರುವುಮುರುವು. ‘ವ್ಯಾಯಾಮ ಮಾಡಿ’ ಎಂದಷ್ಟೇ ಹೇಳಿ ಕಳಿಸುವ ಸಲಹೆ ಅರ್ಧ ಸಲಹೆ ಅನ್ನುವುದು ಅದಕ್ಕೆ.

480 ಗ್ರಾಂ ಮತ್ತು 180 ಗ್ರಾಂ

ತಟ್ಟೆಗೆ ಬರೋಣ. ಕಠಿಣ ತರಬೇತಿಯಲ್ಲಿರುವ 60 ಕಿಲೋದ ದೂರದ ಓಟಗಾರ್ತಿಗೆ ಕಿಲೋಗೆ 8 ಗ್ರಾಂ ಎಂದು ಹಿಡಿದರೆ ದಿನಕ್ಕೆ 480 ಗ್ರಾಂ ಪಿಷ್ಟ ಬೇಕು. ಅಕ್ಕಿಯೊಂದರಿಂದಲೇ ಪಡೆಯುವುದಾದರೆ ಆರುನೂರು ಗ್ರಾಂ ಮೀರಿದ ಅಕ್ಕಿ. ಅದೇ ಎತ್ತರದ, ಕೂತು ಕೆಲಸ ಮಾಡುವ, ಶುಗರ್ ಇರುವ ಅಕ್ಕನಿಗೆ 1,600 ಕ್ಯಾಲರಿಯ ಊಟದಲ್ಲಿ ಶೇ. 45 ಪಿಷ್ಟ ಎಂದರೆ 180 ಗ್ರಾಂ. ಓಟಗಾರ್ತಿ ತನ್ನ 480 ಮುಟ್ಟದೆ ಹೋದರೆ ತರಬೇತಿ ಕೆಡುತ್ತದೆ. ಅಕ್ಕ 180 ಮೀರಿದರೆ ರಿಪೋರ್ಟು ಕೆಡುತ್ತದೆ. ಒಬ್ಬಳಿಗೆ ತಿನ್ನಲಾರೆ ಅನ್ನುವಷ್ಟು, ಇನ್ನೊಬ್ಬರಿಗೆ ಸಾಕಾಗಲಿಲ್ಲ ಅನ್ನುವಷ್ಟು. ತಿನ್ನುವುದೂ ಶಿಸ್ತೇ ಎಂಬುದನ್ನು ಸಪೂರವಾಗಿರುವ ಕ್ರೀಡಾಪಟುಗಳ ತಾಯಂದಿರನ್ನು ಕೇಳಬೇಕು.

ನಮ್ಮಲ್ಲಿ ಈ ಗ್ರಾಂ ಲೆಕ್ಕದ ಬದಲು ಹೆಸರುಗಳ ಲೆಕ್ಕ ನಡೆಯುತ್ತದೆ. ಅನ್ನ ಕೆಟ್ಟದ್ದು, ಚಪಾತಿ ಒಳ್ಳೆಯದು, ಮುದ್ದೆ ಅಮೃತ. ಹಸಿ ಧಾನ್ಯ 100 ಗ್ರಾಂ ತೆಗೆದುಕೊಂಡರೆ ಬಿಳಿ ಅಕ್ಕಿಯಲ್ಲಿ ಪಿಷ್ಟ ಸುಮಾರು 78 ಗ್ರಾಂ, ರಾಗಿಯಲ್ಲಿ 67, ಗೋಧಿ ಹಿಟ್ಟಿನಲ್ಲಿ 64. ಅಂತರವಿದೆ, ಆದರೆ ಪವಾಡದಷ್ಟಿಲ್ಲ. ರಾಗಿ, ಗೋಧಿ ಎರಡರಲ್ಲೂ ನಾರಿನಂಶ 11 ಗ್ರಾಂ ಆಸುಪಾಸು, ಬಿಳಿ ಅಕ್ಕಿಯಲ್ಲಿ 3ಕ್ಕೂ ಕಡಿಮೆ; ರಾಗಿಯ ಸುಣ್ಣದಂಶದ ಹತ್ತಿರಕ್ಕೂ ಬೇರೆ ಧಾನ್ಯ ಬರುವುದಿಲ್ಲ. ಅವೆಲ್ಲ ನಿಜವಾದ ಗುಣಗಳು. ಆದರೆ ತಲಾ ನೂರು ಗ್ರಾಂ ಹಿಟ್ಟಿನ ಎರಡು ಮುದ್ದೆ ನುಂಗಿ ‘ಅನ್ನ ಮುಟ್ಟಿಲ್ಲ’ ಎನ್ನುವವರ ರಕ್ತಕ್ಕೆ ಆ ಹೊತ್ತು 134 ಗ್ರಾಂ ಹೋಗಿದೆ. ಅಕ್ಕನ ದಿನದ ಲೆಕ್ಕದಲ್ಲಿ ಮುಕ್ಕಾಲು ಪಾಲು ಮಧ್ಯಾಹ್ನಕ್ಕೇ ಮುಗಿಯಿತು.

ರಾಗಿ ಯಾವ ರೂಪದಲ್ಲಿ ಒಳಗೆ ಹೋಗುತ್ತದೆ ಎಂಬುದೂ ಮುಖ್ಯ. ಸೊಪ್ಪಿನ ಸಾರು, ಹುರುಳಿ ಬಸ್ಸಾರಿನ ಜೊತೆ ನಿಧಾನವಾಗಿ ಒಂದು ಮುದ್ದೆ ಉಣ್ಣುವುದು ಬೇರೆ, ನುಣ್ಣನೆಯ ಹಿಟ್ಟಿನ ಗಂಜಿಯನ್ನು ಒಂದೇ ಗುಟುಕಿಗೆ ಕುಡಿಯುವುದು ಬೇರೆ. ಗಂಜಿಯಲ್ಲಿ ಪಿಷ್ಟ ಆಗಲೇ ಬೆಂದು ಬಿಚ್ಚಿಕೊಂಡಿರುತ್ತದೆ, ಜಗಿಯುವ ಕೆಲಸವೂ ಇಲ್ಲ. ಮೊಳಕೆ ಕಟ್ಟಿ ಒಣಗಿಸಿದ ರಾಗಿಯ ಮಾಲ್ಟಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಮೊಳಕೆಯೊಡೆಯುವಾಗ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಕಡಿದು ಸಕ್ಕರೆ ಮಾಡತೊಡಗುತ್ತವೆ, ಅದಕ್ಕೇ ಅದರ ಆ ಸಣ್ಣ ಸಿಹಿ. ಬೆಲ್ಲ ಹಾಕಿದ ರಾಗಿ ಮಾಲ್ಟ್ ತಾಲೀಮು ಮುಗಿಸಿ ಬಂದ ಕಬಡ್ಡಿ ಹುಡುಗನಿಗೆ ಹೇಳಿ ಮಾಡಿಸಿದ ಪಾನೀಯ. ಬೆಳಿಗ್ಗೆ ಎದ್ದು ಕೂತಲ್ಲೇ ಕುಡಿಯುವ ಅವನ ಅಜ್ಜನಿಗೆ ಅಲ್ಲ. ಬೆಲ್ಲದ ವಿಷಯದಲ್ಲಿ ಚರ್ಚೆಯೇ ಬೇಡ, ರಕ್ತಕ್ಕೆ ಹೋದ ಮೇಲೆ ಅದೂ ಸಕ್ಕರೆಯೇ. ಎರಡು ಚಮಚ ಸಕ್ಕರೆಯ ಮೂರು ಕಾಫಿ ಅಂದರೆ 30 ಗ್ರಾಂ. ಇದನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಉಣ್ಣುವ ಕ್ರಮದಿಂದಲೂ ಒಂದಿಷ್ಟು ಗಿಟ್ಟಿಸಬಹುದು. ತರಕಾರಿ, ಬೇಳೆ, ಮೊಟ್ಟೆಯಂಥವನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಬಿಟ್ಟರೆ ಅದೇ ಊಟಕ್ಕೆ ಸಕ್ಕರೆಯ ಏರಿಕೆ ಕಡಿಮೆ ಎಂದು ಸಣ್ಣ ಸಣ್ಣ ಅಧ್ಯಯನಗಳು ತೋರಿಸಿವೆ. ಮದುವೆ ಊಟದ ಎಲೆಯಲ್ಲಿ ಹೆಸರುಬೇಳೆ ಕೋಸಂಬರಿ, ಪಲ್ಯ ಅನ್ನಕ್ಕಿಂತ ಮೊದಲೇ ಬಂದು ಕೂತಿರುತ್ತವೆ. ತುದಿಯಲ್ಲಿ ಪಾಯಸವೂ ಬಂದಿರುತ್ತದೆ ಎನ್ನುವುದು ಬೇರೆ ಮಾತು. ಐಸಿಎಂಆರ್ ಅಡಿಯ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾದರಿ ತಟ್ಟೆಯಲ್ಲಿ 2,000 ಕ್ಯಾಲರಿಗೆ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಬೇಳೆಕಾಳು 85 ಗ್ರಾಂ. ನಮ್ಮ ಮನೆಗಳಲ್ಲಿ ಇದು ಬಹುಮಟ್ಟಿಗೆ ಬೋರಲಾಗಿದೆ: ಅನ್ನ ಗುಡ್ಡೆಯಷ್ಟು, ಪಲ್ಯ ಉಪ್ಪಿನಕಾಯಿಯಷ್ಟು.

‘ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ’ ಅನ್ನುವುದು ನಮ್ಮ ಹಳೆಯ ಮೈಸೂರು ಸೀಮೆಯ ಹೆಮ್ಮೆ. ಬೆಟ್ಟ ಕೀಳುವ ಕೆಲಸ ಹೋಗಿದೆ, ಹಿಟ್ಟು ಉಳಿದಿದೆ. ನೇಗಿಲು ಹೊಡೆಯುತ್ತಿದ್ದವರಿಗೆ ಸರಿಹೋಗುತ್ತಿದ್ದ ಊಟವನ್ನೇ ಮಗ ಕ್ಯಾಬಿನ ಸ್ಟಿಯರಿಂಗ್ ಹಿಂದೆ ಕೂತು ಅರಗಿಸಿಕೊಳ್ಳಬೇಕಾಗಿದೆ. ಕುಸ್ತಿಯ ಗರಡಿಗಳಲ್ಲಿ ಇದೇ ತೊಡಕು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಪೈಲ್ವಾನರ ಹಾಲು, ಬಾದಾಮಿ, ತುಪ್ಪ, ಮೊಟ್ಟೆ ಸಾಮು ಮಾಡುವ ವಯಸ್ಸಿಗೆ ತಕ್ಕ ಊಟ. ಕುಸ್ತಿ ಬಿಟ್ಟ ಮೇಲೆ ದಂಡ, ಬಸ್ಕಿ ನಿಲ್ಲುತ್ತವೆ, ಹಾಲಿನ ಚೊಂಬು ನಿಲ್ಲುವುದಿಲ್ಲ. ಕ್ರೀಡಾಪಟು ಮಧುಮೇಹಿಯಾಗುವ ಒಂದು ದಾರಿ ಇದು. ಆಡುವಾಗ ಹೇಗೆ ತಿನ್ನಬೇಕೆಂದು ಹೇಳಿಕೊಡುವ ಕೋಚ್‌ಗಳು, ಆಟ ಬಿಟ್ಟ ವರ್ಷ ಹೇಗೆ ತಿನ್ನಬೇಕೆಂದೂ ಹೇಳಿಕೊಟ್ಟರೆ ಚೆನ್ನಾಗಿತ್ತು.

ಊಟಕ್ಕೆ ಮದ್ದು ಹೊಂದಿಸಿದವರು

ಬ್ರಿಟನ್ನಿನ ದೋಣಿ ಸ್ಪರ್ಧಿ ಸ್ಟೀವ್ ರೆಡ್‌ಗ್ರೇವ್ 1984ರಿಂದ 1996ರವರೆಗೆ ನಾಲ್ಕು ಒಲಿಂಪಿಕ್‌ನಲ್ಲಿ ಚಿನ್ನ ಗೆದ್ದವರು. 1997ರಲ್ಲಿ ಟೈಪ್ 2 ಮಧುಮೇಹ ಪತ್ತೆಯಾಯಿತು. ಸಾಮಾನ್ಯವಾಗಿ ಹೇಳುವ ಪಥ್ಯದಲ್ಲಿ ಅವರ ದೋಣಿ ಮುಂದೆ ಹೋಗುವುದಿಲ್ಲ. ದಿನಕ್ಕೆ ಹಲವು ಸಾವಿರ ಕ್ಯಾಲರಿ ಸುಡುವ ಆಟ ಅದು. ಊಟವನ್ನು ರೋಗಕ್ಕೆ ತಗ್ಗಿಸುವ ಬದಲು, ತಾಲೀಮಿಗೆ ಬೇಕಾದ ಊಟಕ್ಕೆ ಇನ್ಸುಲಿನ್ ಹೊಂದಿಸಿಕೊಂಡರು. 2000ದಲ್ಲಿ, 38ರ ವಯಸ್ಸಿನಲ್ಲಿ, ಸಿಡ್ನಿಯಲ್ಲಿ ಐದನೆಯ ಚಿನ್ನ. ಅದೇ 1997ರಲ್ಲಿ ವಾಸಿಂ ಅಕ್ರಂಗೆ ಟೈಪ್ 1 ಗೊತ್ತಾದದ್ದು. ಚುಚ್ಚುಮದ್ದು ತೆಗೆದುಕೊಳ್ಳುತ್ತಲೇ ಇನ್ನೂ ಆರು ವರ್ಷ ಬೌಲ್ ಮಾಡಿ, 2003ರ ವಿಶ್ವಕಪ್‌ನಲ್ಲಿ ಏಕದಿನ ಕ್ರಿಕೆಟ್ಟಿನ 500ನೇ ವಿಕೆಟ್ ಪಡೆದರು. ಆ ಸಂಖ್ಯೆ ಮುಟ್ಟಿದ ಮೊದಲಿಗರು ಅವರೇ.

ಇದನ್ನು ಓದಿ ‘ನಾನೂ ತಿಂದು ಮದ್ದು ಜಾಸ್ತಿ ಮಾಡಿಕೊಳ್ಳುತ್ತೇನೆ’ ಎಂದು ಹೊರಡಬೇಡಿ. ರೆಡ್‌ಗ್ರೇವ್ ತಿಂದದ್ದು ದಿನಕ್ಕೆ ಗಂಟೆಗಟ್ಟಲೆ ಹುಟ್ಟು ಹಾಕಿ. ಆದರೆ ಒಂದು ಭಾಗ ಎಲ್ಲರಿಗೂ ಅನ್ವಯಿಸುತ್ತದೆ: ಊಟ, ಮದ್ದು, ಓಡಾಟ ಮೂರರಲ್ಲಿ ಯಾವುದೊಂದನ್ನು ಬದಲಿಸಿದರೂ ಉಳಿದೆರಡನ್ನು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಬಾಸ್ಟನ್ನಿನ ಓಟಗಾರರಿಗೆ ಆದದ್ದೇ ಆಗುತ್ತದೆ, ಲೋ ಶುಗರ್. 70ಕ್ಕಿಂತ ಕೆಳಗೆ ಇಳಿದರೆ ಕೂಡಲೇ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಮಚ ನೀರಲ್ಲಿ ಕದಡಿ ಅಥವಾ ಅಷ್ಟೇ ಗ್ಲೂಕೋಸ್ ಪುಡಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಏರದಿದ್ದರೆ ಮತ್ತೊಮ್ಮೆ. ಚಾಕೊಲೇಟ್, ಮೈಸೂರುಪಾಕು ಈ ಹೊತ್ತಿಗೆ ಆಗುವುದಿಲ್ಲ, ಅವುಗಳಲ್ಲಿರುವ ಕೊಬ್ಬು ಸಕ್ಕರೆಯನ್ನು ತಡೆದು ನಿಲ್ಲಿಸುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ಸುಲಿನ್ ತೆಗೆದುಕೊಂಡು ಆಡುವವರಿಗೆ ಹೆಚ್ಚು ಅಪಾಯ ಅಂಗಳದಲ್ಲಲ್ಲ, ಅದೇ ರಾತ್ರಿ ಹಾಸಿಗೆಯಲ್ಲಿ. ಸಂಜೆ ಖಾಲಿಯಾದ ಸ್ನಾಯು ರಾತ್ರಿಯೆಲ್ಲ ಸಕ್ಕರೆ ಎಳೆದುಕೊಳ್ಳುತ್ತದೆ, ಸಂಜೆಯ ಡೋಸ್ ಮಾತ್ರ ಎಂದಿನಷ್ಟೇ ಇರುತ್ತದೆ. ಶಾಲೆಯ ಕ್ರೀಡಾಕೂಟದ ದಿನ ಟೈಪ್ 1 ಇರುವ ಮಗು ಚೆನ್ನಾಗಿ ಓಡಿ, ಚೆನ್ನಾಗಿ ಉಂಡು ಮಲಗಿತೆಂದು ತಂದೆತಾಯಿ ನಿಶ್ಚಿಂತರಾಗುತ್ತಾರೆ. ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಒಮ್ಮೆ ನೋಡಬೇಕಾದದ್ದು ಅಂದೇ. ಆಟಕ್ಕೆ ಇಳಿಯುವಾಗ 126ರಿಂದ 180ರ ನಡುವೆ ಇದ್ದರೆ ವಾಸಿ, 90ಕ್ಕಿಂತ ಕಡಿಮೆಯಿದ್ದರೆ ಮೊದಲು 10ರಿಂದ 20 ಗ್ರಾಂ ಸಕ್ಕರೆ ತೆಗೆದುಕೊಂಡೇ ಇಳಿಯಬೇಕು ಎಂಬುದು ತಜ್ಞರು ಒಪ್ಪಿದ ಅಳತೆ.

ಮಾತ್ರೆ ತೆಗೆದುಕೊಳ್ಳುವವರು ಏಕಾದಶಿ, ರಂಜಾನ್ ಉಪವಾಸಕ್ಕೆ ಮುಂಚೆ ತಮ್ಮ ಚೀಟಿ ನೋಡಿಕೊಳ್ಳಲಿ. ಮೆಟ್ಫಾರ್ಮಿನ್ ಒಂದೇ ಇದ್ದರೆ ಸಕ್ಕರೆ ಕುಸಿಯುವುದು ಅಪರೂಪ. ಗ್ಲಿಮಿಪಿರೈಡ್ ಹಾಗಲ್ಲ, ಅದು ಊಟ ಬರಲಿ ಬಿಡಲಿ ಇನ್ಸುಲಿನ್ ಹಿಂಡುತ್ತಲೇ ಇರುತ್ತದೆ. ಈಚೆಗೆ ಬಹಳ ಬರೆಯುತ್ತಿರುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಗಳು. ಇವುಗಳ ಜೊತೆ ದೀರ್ಘ ಉಪವಾಸವನ್ನೋ ಪಿಷ್ಟ ಪೂರ್ತಿ ಬಿಡುವ ಕೀಟೋ ಪಥ್ಯವನ್ನೋ ಸೇರಿಸಿದರೆ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು, ಅದೂ ಗ್ಲೂಕೋಮೀಟರ್ ಹೆಚ್ಚೇನೂ ತೋರಿಸದೆ. ವಾಕರಿಕೆ, ಹೊಟ್ಟೆನೋವು, ಏದುಸಿರು ಬಂದರೆ ಉಪವಾಸದ ಸುಸ್ತು ಎಂದು ಮಲಗಬಾರದು. ರಂಜಾನ್ ಉಪವಾಸದ ವೈದ್ಯಕೀಯ ಮಾರ್ಗಸೂಚಿ ಗೆರೆ ಎಳೆದಿದೆ: 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಉಪವಾಸ ಬಿಡಬೇಕು. ಏಕಾದಶಿಗೂ ಅದೇ ಗೆರೆ ಸಾಕು.

ಶಿಸ್ತು ಅತಿಯಾದಾಗ

2024ರ ಆಗಸ್ಟ್ 7ರ ಬೆಳಿಗ್ಗೆ ಪ್ಯಾರಿಸ್ ಒಲಿಂಪಿಕ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ 50 ಕಿಲೋ ವಿಭಾಗದ ಫೈನಲ್‌ಗೆ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು. ಹಿಂದಿನ ದಿನ ಮೂರು ಕುಸ್ತಿ ಗೆದ್ದು, ಶಕ್ತಿಗಾಗಿ ಅಳೆದು ತೂಗಿ ಕೊಟ್ಟ ಆಹಾರ, ನೀರಿನ ನಂತರ ಅವರ ತೂಕ ಮಿತಿಗಿಂತ 2.7 ಕಿಲೋ ಮೇಲೇರಿತ್ತು. ಒಂದು ದಿನದ ಊಟಕ್ಕೆ ಅಷ್ಟು ಹೇಗೆ ಏರುತ್ತದೆ ಎಂದು ಹಲವರು ಅನುಮಾನಪಟ್ಟರು. ಒಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರು ಹಿಡಿದಿಡುತ್ತದೆ. ತೂಕ ಇಳಿಸುವ ಕುಸ್ತಿಪಟು ಖಾಲಿ ಮಾಡುವುದು ಕಣಜವನ್ನೂ ನೀರನ್ನೂ; ಒಂದಿಷ್ಟು ತಿಂದು ಕುಡಿದರೆ ಎರಡೂ ಒಟ್ಟಿಗೆ ಮರಳುತ್ತವೆ. ಕೊಬ್ಬಿನ ತೂಕವಲ್ಲ ಅದು.

ಅನ್ನ, ಚಪಾತಿ ಎಲ್ಲ ಬಿಟ್ಟು ‘ಒಂದೇ ವಾರಕ್ಕೆ ಮೂರು ಕಿಲೋ ಇಳಿದೆ’ ಎನ್ನುವವರದ್ದೂ ಬಹುಪಾಲು ಈ ನೀರೇ. ಎರಡನೆಯ ವಾರ ತಕ್ಕಡಿ ನಿಂತಾಗ ಅವರು ಪಥ್ಯವನ್ನು ದೂರುತ್ತಾರೆ. ಕೊಬ್ಬು ಕರಗಲು ತಿಂಗಳುಗಳೇ ಬೇಕು, ಕರಗಿದರೆ ಸಿಗುವುದು ದೊಡ್ಡದು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ, ಮಧುಮೇಹ ಬಂದು ಆರು ವರ್ಷದೊಳಗಿದ್ದ, ಇನ್ಸುಲಿನ್ ತೆಗೆದುಕೊಳ್ಳದ ಟೈಪ್ 2 ರೋಗಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲರಿಯ ದ್ರವಾಹಾರ ಕೊಟ್ಟು, ಆಮೇಲೆ ಹಂತಹಂತವಾಗಿ ಊಟಕ್ಕೆ ಮರಳಿಸಿದರು. ವರ್ಷದ ಕೊನೆಗೆ ಶೇ. 46 ಮಂದಿಯ ಸಕ್ಕರೆ ಮಾತ್ರೆಯಿಲ್ಲದೆ ಮಧುಮೇಹದ ಗೆರೆಗಿಂತ ಕೆಳಗೆ ಬಂದಿತ್ತು. ಎರಡನೆಯ ವರ್ಷಕ್ಕೆ ಅದು ಶೇ. 36. ಇದು ವೈದ್ಯರ, ಆಹಾರತಜ್ಞರ ಕಣ್ಗಾವಲಿನಲ್ಲಿ ನಡೆದದ್ದು. ವಾಟ್ಸಾಪ್‌ನಲ್ಲಿ ಬಂದ ‘ಜ್ಯೂಸ್ ಡಯೆಟ್’ ಇದಲ್ಲ.

ಕ್ರೀಡಾಪಟುಗಳಲ್ಲೂ ಕಡಿಮೆ ತಿನ್ನುವ ಕಾಯಿಲೆಯಿದೆ. ತರಬೇತಿಗೆ ಬೇಕಾದಷ್ಟು ತಿನ್ನದೆ ಮುಂದುವರಿದರೆ ಹುಡುಗಿಯರಲ್ಲಿ ಮುಟ್ಟು ನಿಲ್ಲುತ್ತದೆ, ಮೂಳೆ ಸವೆದು ಬಿರುಕು ಬಿಡುತ್ತದೆ, ಹುಡುಗರಲ್ಲೂ ಹಾರ್ಮೋನು ಇಳಿಯುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ‘ರೆಡ್-ಎಸ್’ ಎಂದು ಹೆಸರಿಟ್ಟಿತು. ಮುಟ್ಟು ನಿಂತದ್ದನ್ನು ಕಠಿಣ ತಾಲೀಮಿನ ಗುರುತೆಂದು ಹೆಮ್ಮೆಪಡುವ ಕೋಚ್‌ಗಳು ಇಂದಿಗೂ ಇದ್ದಾರೆ.

ಈಗ ತೋಳಿಗೆ ಅಂಟಿಸುವ ಸೆನ್ಸಾರ್ ಬಂದು ಸಕ್ಕರೆಯ ಏರಿಳಿತವನ್ನು ಫೋನಿನಲ್ಲೇ ತೋರಿಸುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಶುಗರ್ ಇಲ್ಲದ ಓಟಗಾರರೂ ಅದನ್ನು ಹಾಕಿಕೊಂಡು, ಬಾಳೆಹಣ್ಣು ತಿಂದ ಮೇಲೆ 140 ಆಯಿತೆಂದು ಬಾಳೆಹಣ್ಣನ್ನೇ ಬಿಡುತ್ತಿರುವುದು ಮಾತ್ರ ವಿಚಿತ್ರ. ಏರಿ ಇಳಿಯುವುದು ಆರೋಗ್ಯದ ಲಕ್ಷಣ. ಏರಿದ್ದು ಇಳಿಯದಿರುವುದು ರೋಗ. ಸೈಕಲ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ 2021ರಲ್ಲಿ ಸ್ಪರ್ಧೆಯ ವೇಳೆ ಈ ಸೆನ್ಸಾರ್ ಬಳಸುವುದನ್ನು ನಿಷೇಧಿಸಿತು. ಸವಾರರೆಲ್ಲರೂ ಟೈಪ್ 1 ಇರುವವರೇ ಆದ ನೋವೊ ನಾರ್ಡಿಸ್ಕ್ ತಂಡದಂಥವರಿಗೆ ಅದು ಚಿಕಿತ್ಸೆಯ ಸಾಧನ, ಅವರ ಮಾತು ಬೇರೆ.

ನಾಲ್ಕನೆಯ ವಯಸ್ಸಿನಲ್ಲೇ ಟೈಪ್ 1 ಬಂದ ಜರ್ಮನಿಯ ಟೆನಿಸ್ ಆಟಗಾರ ಅಲೆಕ್ಸಾಂಡರ್ ಜ್ವೆರೆವ್ ಅದನ್ನು ಬಹಿರಂಗವಾಗಿ ಹೇಳಿದ್ದು 2022ರಲ್ಲಿ. ಮರುವರ್ಷ ಫ್ರೆಂಚ್ ಓಪನ್‌ನಲ್ಲಿ, ಅಂಗಳದಲ್ಲಿ ಕೂತು ಇನ್ಸುಲಿನ್ ಚುಚ್ಚಿಕೊಳ್ಳಬಾರದು, ಹೊರಗೆ ಹೋಗಿ, ಅದು ಶೌಚ ವಿರಾಮದ ಲೆಕ್ಕಕ್ಕೆ ಸೇರುತ್ತದೆ ಎಂದು ಟೂರ್ನಿಯವರು ತಮಗೆ ಹೇಳಿದರೆಂದು ಅವರು ಸುದ್ದಿಗಾರರ ಮುಂದೆ ಹೇಳಿಕೊಂಡರು. ಐದು ಸೆಟ್ಟಿನ ಆಟದಲ್ಲಿ ನಾಲ್ಕೈದು ಸಲ ಚುಚ್ಚಿಕೊಳ್ಳಬೇಕಾದವರಿಗೆ ಅಷ್ಟು ವಿರಾಮವೆಲ್ಲಿ? ಆಮೇಲೆ ಅಂಗಳದಲ್ಲೇ ಅನುಮತಿ ಸಿಕ್ಕಿತು.

ನಮ್ಮ ಜಿಲ್ಲಾ, ರಾಜ್ಯ ಕೂಟಗಳಲ್ಲಿ ಓಡುವ ಟೈಪ್ 1 ಮಕ್ಕಳ ಮನೆಯವರು ಇನ್ನೊಂದು ಸಂಗತಿ ತಿಳಿದಿರಬೇಕು. ಇನ್ಸುಲಿನ್ ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿದೆ, ಸ್ನಾಯುವಿಗೆ ಇಂಧನ ತುಂಬುವ ಅದರ ಗುಣವನ್ನು ದುರುಪಯೋಗ ಮಾಡಿಕೊಳ್ಳಬಹುದೆಂದು. ಚಿಕಿತ್ಸೆಗೆ ಬೇಕಾದವರಿಗೆ ವಿನಾಯಿತಿ ಪತ್ರ ಸಿಗುತ್ತದೆ. ನಮ್ಮಲ್ಲಿ ಅದನ್ನು ಕೊಡುವುದು ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ. ಡೋಪಿಂಗ್ ಪರೀಕ್ಷೆ ನಡೆಯುವ ಮಟ್ಟಕ್ಕೆ ಮಗು ಏರುವ ಮುಂಚೆಯೇ ವೈದ್ಯರ ದಾಖಲೆ, ಪರೀಕ್ಷೆಯ ವರದಿ ಸೇರಿಸಿ ಅರ್ಜಿಗೆ ಸಿದ್ಧಮಾಡಿಟ್ಟುಕೊಂಡರೆ, ಪದಕ ಬಂದ ದಿನ ಕಾಗದಕ್ಕಾಗಿ ಓಡಾಡುವುದು ತಪ್ಪುತ್ತದೆ.